‘ಡಿಎನ್‌ಎಯಿಂದ ಸಾಬೀತು’ ಅಂತ ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಮೂಳೆ ಸಿಕ್ಕ ಸುದ್ದಿ ಬಂದಾಗಲೆಲ್ಲ ‘ಡಿಎನ್‌ಎ ಪರೀಕ್ಷೆಯಿಂದ ಸಾಬೀತು’ ಅನ್ನೋ ತಲೆಬರಹ ಖಾಯಂ. ಓದಿದವರು ಲ್ಯಾಬಿಗೆ ಮೂಳೆ ಕೊಟ್ಟರೆ ಸತ್ತವರ ಹೆಸರು, ಊರು ಎಲ್ಲ ಹೊರಗೆ ಬರುತ್ತೆ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಪಕ್ಕದ ಗೋವಾದಲ್ಲೇ ಸಿಕ್ಕ ಕೆಟೆವಾನ್ ರಾಣಿಯ ಮೂಳೆಯ ಕತೆ ನೋಡಿ.

ಕೆಟೆವಾನ್ ಜಾರ್ಜಿಯಾದ ರಾಣಿ. ಪರ್ಷಿಯಾದ ದೊರೆ ಷಾ ಅಬ್ಬಾಸ್ ಆಕೆಯನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿದ್ದ, ಮತ ಬದಲಿಸಲು ಒಪ್ಪಲಿಲ್ಲ ಅಂತ 1624ರಲ್ಲಿ ಶಿರಾಜ್‌ನಲ್ಲಿ ಹಿಂಸೆ ಕೊಟ್ಟು ಕೊಲ್ಲಿಸಿದ. ಅಲ್ಲಿದ್ದ ಅಗಸ್ಟೀನಿಯನ್ ಪಾದ್ರಿಗಳು ಆಕೆಯ ಮೂಳೆಗಳನ್ನು ಗುಟ್ಟಾಗಿ ತೆಗೆದು, ಒಂದಿಷ್ಟನ್ನು 1627ರಲ್ಲಿ ಗೋವಾಕ್ಕೆ ತಂದರು. ಹಳೆ ಗೋವಾದ ಸೇಂಟ್ ಅಗಸ್ಟೀನ್ ಚರ್ಚಿನಲ್ಲಿ ಇಂಥ ಕಿಟಕಿಯ ಹತ್ತಿರ, ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದೆ ಅಂತ ಪೋರ್ಚುಗೀಸ್ ದಾಖಲೆಯಲ್ಲಿತ್ತು. ಆಮೇಲೆ ಚರ್ಚೇ ಕುಸಿದುಬಿತ್ತು. (ಈಗ ಉಳಿದಿರುವ ಅರ್ಧ ಗೋಪುರದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡು ಬರ್ತಾರೆ, ರಾಣಿಯ ವಿಷಯ ಗೊತ್ತಿರೋರು ಕಡಿಮೆ.) ಪುರಾತತ್ವ ಇಲಾಖೆಯವರು ಆ ದಾಖಲೆ ಹಿಡಿದೇ ಅಗೆಯುತ್ತಾ ಹೋಗಿ, 2004ರಲ್ಲಿ ಒಂದು ಕೈಮೂಳೆ ಸಿಕ್ಕಿತು.

ಡಿಎನ್‌ಎ ಬಂದಿದ್ದು ಇಷ್ಟೆಲ್ಲ ಆದ ಮೇಲೆ. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ನೋಡಿದ್ದು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ. ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎ ಎರಡೇ ಪ್ರತಿ ಇರುತ್ತೆ, ಮೈಟೊಕಾಂಡ್ರಿಯಾದ್ದು ನೂರಾರು, ಸಾವಿರಾರು. ಗೋವಾದ ಮಳೆ, ಸೆಕೆಯಲ್ಲಿ ಮುನ್ನೂರೈವತ್ತು ವರ್ಷಕ್ಕೂ ಜಾಸ್ತಿ ಬಿದ್ದಿದ್ದ ಮೂಳೆಯಲ್ಲಿ ಏನಾದರೂ ಉಳಿದಿದ್ದರೆ ಅದೇ ಉಳಿದಿರುವ ಸಾಧ್ಯತೆ ಹೆಚ್ಚು. ಆದರೆ ಅದು ತಾಯಿಯಿಂದ ಮಾತ್ರ ಬರುವಂಥದ್ದು, ಹಾಗಾಗಿ ತಾಯಿಯ ಕಡೆಯ ವಂಶ ಯಾವುದು ಅಂತ ಹೇಳುತ್ತೆ, ಆ ವಂಶದ ಯಾರು ಅಂತ ಹೇಳಲ್ಲ. ಈ ಮೂಳೆಯಲ್ಲಿ ಸಿಕ್ಕ ವಂಶದ ಗುರುತು ಯು1ಬಿ. ಹೋಲಿಸಿ ನೋಡಿದ 22,000ಕ್ಕೂ ಹೆಚ್ಚು ಭಾರತೀಯರಲ್ಲಿ ಒಬ್ಬರಿಗೂ ಅದು ಇರಲಿಲ್ಲ, 30 ಜಾರ್ಜಿಯನ್ನರಲ್ಲಿ ಇಬ್ಬರಿಗೆ ಇತ್ತು. ಅಂದರೆ ಈ ಮೂಳೆ ಇಲ್ಲಿಯವರದ್ದಲ್ಲ, ಆ ಕಡೆಯವರದ್ದು ಅನ್ನೋದಕ್ಕೆ ಒಳ್ಳೆಯ ಆಧಾರ. ಕೆಟೆವಾನ್ ಅನ್ನೋ ಹೆಸರು ಕೊಟ್ಟಿದ್ದು ಮಾತ್ರ ಆ ಹಳೇ ಕಾಗದ, ಲ್ಯಾಬ್ ಅಲ್ಲ.

ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಮೂಳೆಯ ವಿಷಯದಲ್ಲಿ ಆತನ ಅಕ್ಕನ ಹೆಣ್ಣುಮಕ್ಕಳ ಕಡೆಯ ವಂಶದವರು ಬದುಕಿದ್ದರು, ಅವರ ಡಿಎನ್‌ಎ ಜೊತೆ ನೇರವಾಗಿ ಹೋಲಿಸಿದರು. ಗೋವಾದ ಮೂಳೆಯನ್ನು ಹೋಲಿಸಿದ್ದು ಒಟ್ಟಾರೆ ಜನರ ಜೊತೆ. ಅದಕ್ಕೇ ವಿಜ್ಞಾನಿಗಳು ತಮ್ಮ ಪ್ರಬಂಧದಲ್ಲಿ, ದಾಖಲೆ ಮತ್ತು ಉತ್ಖನನದ ಜೊತೆ ಇದೂ ಹೊಂದುತ್ತದೆ, ರಾಣಿಯದ್ದೇ ಇರುವ ಸಾಧ್ಯತೆ ಹೆಚ್ಚು ಅಂತಷ್ಟೇ ಜೋಪಾನವಾಗಿ ಬರೆದರು. 2021ರಲ್ಲಿ ಭಾರತ ಆ ಮೂಳೆಯ ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಆ ‘ಸಾಧ್ಯತೆ’ ಸುದ್ದಿಗೆ ಬರುವಷ್ಟರಲ್ಲಿ ‘ಸಾಬೀತು’ ಆಗಿಬಿಡುತ್ತೆ, ಅಲ್ವಾ?

ಹರಿಯಾಣದಲ್ಲಿರುವ ಸಿಂಧೂ ನಾಗರಿಕತೆಯ ಊರು ರಾಖಿಗಢಿಯ ವಿಷಯದಲ್ಲಂತೂ ಇದು ಅತಿಯಾಯಿತು. ಅಲ್ಲಿಯ 61 ಮಾದರಿಗಳಲ್ಲಿ ಉಪಯೋಗಕ್ಕೆ ಬರುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನದ್ದು ಮಾತ್ರ. 2019ರಲ್ಲಿ ಅದನ್ನಿಟ್ಟುಕೊಂಡು ಇಡೀ ದೇಶದ ಮೂಲದ ಬಗ್ಗೆ ಜಗಳವಾಡಿದ್ದೇ ಆಡಿದ್ದು.

ನನ್ನ ಕೋರಿಕೆ ಇಷ್ಟೇ. ಇಂಥ ಸುದ್ದಿ ಹಾಕುವಾಗ ಎಷ್ಟು ಮೂಳೆ ಪರೀಕ್ಷಿಸಿದರು, ಎಷ್ಟರಲ್ಲಿ ಡಿಎನ್‌ಎ ಸಿಕ್ಕಿತು, ಯಾರ ಜೊತೆ ಹೋಲಿಸಿದರು ಅಂತ ಎರಡು ಸಾಲು ಸೇರಿಸಿ. ಜಾಗ ಸಾಲದಿದ್ದರೆ ತಲೆಬರಹವನ್ನೇ ಚಿಕ್ಕದು ಮಾಡಿ.

ಒಬ್ಬ ಓದುಗ, ಕಾರವಾರ