ಟೂರ್ ಬಸ್ಸಿನ ಡ್ರೈವರ್ ಎಲ್ಲಿ ಮಲಗುತ್ತಾರೆ?

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂದಂತೆ ನಿಮ್ಮ ಪತ್ರಿಕೆಯಲ್ಲಿ ಯೂರೋಪ್ ಟೂರ್‌ಗಳ ಜಾಹೀರಾತು ಜಾಸ್ತಿಯಾಗುತ್ತವೆ. ಎಷ್ಟು ದೇಶ, ಎಷ್ಟು ರಾತ್ರಿ, ಅನ್ನ ಸಾರು ಸಿಗುತ್ತದೋ ಇಲ್ಲವೋ, ಎಲ್ಲ ಬರೆದಿರುತ್ತಾರೆ. ಬಸ್ ಓಡಿಸುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾನು ಸರ್ವೀಸ್ ಪೂರ್ತಿ ಸ್ಟೇರಿಂಗ್ ಹಿಡಿದವನು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹೋದ ಅಕ್ಟೋಬರ್‌ನಲ್ಲಿ ಜರ್ಮನಿಯಿಂದ ಸ್ಪೇನ್‌ಗೆ ಬಸ್ಸಿನಲ್ಲಿ ಹೋಗಿ ಬಂದೆ. ಅಲ್ಲಿ ಕಂಡದ್ದನ್ನು ನಮ್ಮ ಜನಕ್ಕೆ ಹೇಳಲೇಬೇಕು ಅನ್ನಿಸಿತು.

ಮಗಳು, ಅಳಿಯ ಇರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿ. ಆ ಕಡೆ ಊರೂರಿಗೂ ಬ್ಯಾಂಡ್ ಸಂಘಗಳಿವೆ. ಮೊಮ್ಮಗ ಅಂಥದ್ದೊಂದರಲ್ಲಿ ಕ್ಲಾರಿನೆಟ್ ನುಡಿಸುತ್ತಾನೆ. ಸಂಘದವರು ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಬಸ್ ಮಾಡಿ ಕಲೆಲ್ಯಾಗೆ ಹೊರಟಿದ್ದರು. ನನಗೂ ಒಂದು ಸೀಟು ಸಿಕ್ಕಿತು.

ಕಲೆಲ್ಯಾ ಇರುವುದು ಬಾರ್ಸಿಲೋನಾದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯಲ್ಲಿ. ಊರಿಗೂ ಮರಳಿಗೂ ನಡುವೆ ರೈಲು ಹಳಿ ಹಾದು ಹೋಗುತ್ತದೆ. ಗುಡ್ಡದ ಮೇಲೆ 1859ರ ದೀಪಸ್ತಂಭ. 1960ರ ದಶಕದಿಂದಲೂ ಜರ್ಮನ್ನರು ಗುಂಪುಗುಂಪಾಗಿ ರಜೆಗೆ ಬರುವ ಜಾಗ ಇದು. ಬೇಸಿಗೆ ಮುಗಿದು ಹೋಟೆಲ್‌ಗಳು ಖಾಲಿ ಬೀಳುವ ಹೊತ್ತಿಗೆ ಇಲ್ಲಿ ಮ್ಯೂನಿಕ್ ಮಾದರಿಯ ಅಕ್ಟೋಬರ್‌ಫೆಸ್ಟ್, ಅಂದರೆ ದೊಡ್ಡ ಡೇರೆಯೊಳಗೆ ಬ್ಯಾಂಡ್ ಸಮೇತ ಬಿಯರ್ ಹಬ್ಬ ನಡೆಯುತ್ತದೆ. ಜರ್ಮನಿ, ಆಸ್ಟ್ರಿಯಾ ಕಡೆಯ ಬ್ಯಾಂಡ್‌ಗಳು ತಮ್ಮ ತಮ್ಮ ಬಸ್ಸಿನಲ್ಲಿ ಬಂದಿಳಿಯುತ್ತವೆ.

ಬಿಯರ್ ಹಬ್ಬ ಅಂದರೆ ಕುಡಿದು ಬೀಳುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾನು ಬಿಯರ್ ಕುಡಿಯುವವನಲ್ಲ, ಆದರೂ ಆ ಡೇರೆಯಲ್ಲಿ ತುಂಬ ಹೊತ್ತು ಕೂತಿದ್ದೆ. ನಮ್ಮೂರ ಜಾತ್ರೆಯ ಹಾಗೆಯೇ ಅಜ್ಜಿಯರು, ಕೈಗೂಸುಗಳು, ಮದುವೆಯಾಗಲಿರುವ ಜೋಡಿಗಳು ಎಲ್ಲರೂ ಇದ್ದರು. ಒಂದು ಲೀಟರ್ ಬಿಯರ್ ತುಂಬಿದ ಗಾಜಿನ ಮಗ್ ಎರಡು ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಬಡಿಸುವ ಹೆಣ್ಣುಮಕ್ಕಳು ಅಂಥವನ್ನು ಎರಡೂ ಕೈಯಲ್ಲಿ ಗೊಂಚಲಾಗಿ ಹಿಡಿದು ಬೆಂಚುಗಳ ಸಂದಿಯಲ್ಲಿ ನುಗ್ಗುತ್ತಾರೆ. ಮೊಮ್ಮಗನ ಬ್ಯಾಂಡ್ ವೇದಿಕೆ ಹತ್ತಿದಾಗ ಪಕ್ಕದ ಮೇಜಿನ ಅಪರಿಚಿತರೂ ಎದ್ದು ತಾಳ ಹಾಕಿದರು. ರಾತ್ರಿ ಎಲ್ಲರೂ ನಡೆದೇ ಹೋಟೆಲ್ ಸೇರಿದರು. ಕುಡಿದವರು ಸ್ಟೇರಿಂಗ್ ಮುಟ್ಟುವ ಮಾತೇ ಅಲ್ಲಿ ಬರಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕಿರುವುದು ದಾರಿಯ ವಿಷಯ. ಹೋಗಲು ಸುಮಾರು 1,200 ಕಿ.ಮೀ., ಬರಲು ಅಷ್ಟೇ. ಮುಂದಿನ ಸೀಟನ್ನು ಕೇಳಿ ಪಡೆದಿದ್ದೆ. ಹೊರಡುವ ಮೊದಲು ಚಾಲಕರು ಜೇಬಿನಿಂದ ಒಂದು ಕಾರ್ಡ್ ತೆಗೆದು ಕನ್ನಡಿಯ ಮೇಲಿದ್ದ ಯಂತ್ರಕ್ಕೆ ತೂರಿಸಿದರು. ಅದೇ ಟ್ಯಾಕೋಗ್ರಾಫ್. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಚಾಲಕ ಎಷ್ಟು ಹೊತ್ತು ವಿಶ್ರಾಂತಿ ಪಡೆದ, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಅಳಿಸುವ ಹಾಗಿಲ್ಲ. ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದರೆ ಹಿಂದಿನ 56 ದಿನಗಳ ಲೆಕ್ಕ ತೋರಿಸಬೇಕು.

ಯೂರೋಪ್ ಒಕ್ಕೂಟ 2006ರಲ್ಲಿ ಮಾಡಿದ ನಿಯಮ ಇದು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ದಿನಕ್ಕೆ ಒಂಬತ್ತು ಗಂಟೆ ಮಾತ್ರ ಓಡಿಸಬಹುದು. ವಾರಕ್ಕೆ ಎರಡು ದಿನ ಅದನ್ನು ಹತ್ತಕ್ಕೆ ಏರಿಸಲು ಅವಕಾಶ ಇದೆ. ದಿನಕ್ಕೆ 11 ಗಂಟೆ ಪೂರ್ತಿ ವಿಶ್ರಾಂತಿ. ಆಗೀಗ ಅದನ್ನು ಒಂಬತ್ತಕ್ಕೆ ಇಳಿಸಬಹುದು, ಅದಕ್ಕೂ ಮಿತಿ ಉಂಟು. ಆದ್ದರಿಂದಲೇ ಸಂಘದವರು ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಫ್ರಾನ್ಸ್‌ನ ಲಿಯೋನ್ ಹತ್ತಿರ ಉಳಿಯಲು ಮೊದಲೇ ರೂಮ್ ಮಾಡಿದ್ದರು. ಅದು ಹೆಚ್ಚುಕಡಿಮೆ ಅರ್ಧ ದಾರಿ.

ಹೋಗುವಾಗ ಫ್ರಾನ್ಸ್‌ನ ಬೆಜಾನ್ಸೋನ್ ಊರಿನ ಹತ್ತಿರ ಮೊದಲ ದೊಡ್ಡ ಬಿಡುವು. ಚಾಲಕರು ಇಳಿದು ಗಾಡಿಗೆ ಒಂದು ಸುತ್ತು ಬಂದರು. ಟೈರ್‌ಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. ನಾನೂ ಹಿಂದೆ ಹಿಂದೆಯೇ ನಡೆದೆ. ಇಬ್ಬರಿಗೂ ಭಾಷೆ ಬಾರದು, ಆದರೆ ಕೆಲಸ ಒಂದೇ ಅಲ್ವಾ. ಹಿಂದಿನ ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನು ನಾನು ತೋರಿಸಿದೆ. ಅವರು ಸ್ಕ್ರೂಡ್ರೈವರ್ ತಂದು ಎಬ್ಬಿಸಿ ತೆಗೆದು, ನನ್ನ ಬೆನ್ನು ತಟ್ಟಿದರು. ಆಮೇಲೆ ಬೆಂಚಿನ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದರು. ಬಸ್ಸಿನಲ್ಲೇ ಒಂದು ಪುಟ್ಟ ಅಡುಗೆ ಗೂಡು ಇತ್ತು. ಸಂಘದ ಹೆಂಗಸರು ಅದರಲ್ಲಿ ಸಾಸೇಜ್ ಬಿಸಿ ಮಾಡಿ ಬ್ರೆಡ್ ಜೊತೆ ಎಲ್ಲರಿಗೂ ಹಂಚಿದರು. ಮಗಳು ನನಗೆ ಚಪಾತಿ ಕಟ್ಟಿ ತಂದಿದ್ದಳು.

ವಾಪಸ್ ಬರುವಾಗ ದಕ್ಷಿಣ ಫ್ರಾನ್ಸ್‌ನ ಮಾಂಪೆಲಿಯೇ ಹತ್ತಿರ ಟ್ರಾಫಿಕ್ ಜಾಮ್ ಆಯಿತು. ಗಾಡಿ ತೆವಳಿದರೂ ಓಡಿಸಿದ ಲೆಕ್ಕವೇ. ಊಟಕ್ಕೆ ಗೊತ್ತು ಮಾಡಿದ್ದ ಜಾಗ ಇನ್ನೂ ದೂರ ಇತ್ತು. ನಾಲ್ಕೂವರೆ ಗಂಟೆ ಮುಗಿಯುವ ಮೊದಲೇ ಚಾಲಕರು ಸಿಕ್ಕ ಮೊದಲ ನಿಲುಗಡೆಗೆ ಬಸ್ ತಿರುಗಿಸಿದರು. ಅಲ್ಲಿ ಕಾಫಿ ಮಿಷನ್, ಶೌಚಾಲಯ ಬಿಟ್ಟರೆ ಏನೂ ಇರಲಿಲ್ಲ. ರಾತ್ರಿ ಲಿಯೋನ್ ಸೇರಿದಾಗ ಹತ್ತು ಗಂಟೆ. ನಾಳೆ ಬೆಳಗ್ಗೆ ಏಳಕ್ಕಲ್ಲ, ಒಂಬತ್ತಕ್ಕೆ ಹೊರಡುವುದು ಎಂದು ಸಂಘದ ಅಧ್ಯಕ್ಷೆ ಮೈಕ್ ಹಿಡಿದು ಹೇಳಿದರು. ಚಾಲಕರ 11 ಗಂಟೆ ಮುಗಿಯಬೇಕಲ್ಲ! ಬಸ್ಸಿನಲ್ಲಿ ಸೋಮವಾರ ಕೆಲಸಕ್ಕೆ ಹೋಗಬೇಕಾದವರು ತುಂಬ ಜನ ಇದ್ದರು. ಒಬ್ಬರೂ ಗೊಣಗಲಿಲ್ಲ. ನಾನು ಇಷ್ಟು ಕಾಲ ಬಸ್ ಓಡಿಸಿದರೂ ಅಂಥ ಪ್ರಯಾಣಿಕರನ್ನು ನೋಡಿದ್ದು ಅವತ್ತೇ.

ನಮ್ಮ ಬಡಾವಣೆಯ ಕೆಲವರು ಯೂರೋಪ್ ಟೂರ್ ಮುಗಿಸಿ ಬಂದಾಗ ಬೇರೆಯೇ ಮಾತು ಕೇಳಿದ್ದೆ. ‘ಆ ಡ್ರೈವರ್ ಮಹಾ ಮೊಂಡ ಕಣ್ರೀ. ಟೈಮ್ ಆಯ್ತು ಅಂತ ಪ್ಯಾರಿಸ್‌ನ ರಾತ್ರಿ ಲೈಟ್ ತೋರಿಸಲೇ ಇಲ್ಲ. ದುಡ್ಡು ಕೊಟ್ಟಿಲ್ವಾ ನಾವು?’ ಅಂತ. ಅವರಿಗೆಲ್ಲ ನನ್ನ ಮಾತು ಇಷ್ಟೇ. ಅವನು ಮೊಂಡ ಅಲ್ಲ. ನಾಳೆ ನಿಮ್ಮ ಮೊಮ್ಮಕ್ಕಳನ್ನು ಕೂರಿಸಿಕೊಂಡು ಆಲ್ಪ್ಸ್ ಬೆಟ್ಟ ಹತ್ತಿಸಬೇಕಾದವನು ಅವನೇ. ಅವನಿಗೆ ನಿದ್ದೆ ಬೇಕು.

ನಮ್ಮಲ್ಲೂ 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ಆದ ಮೇಲೆ ಅರ್ಧ ಗಂಟೆ ಬಿಡುವು ಎಂದು ಅದರಲ್ಲಿ ಬರೆದಿತ್ತು. ಸಾರಿಗೆ ಸಂಸ್ಥೆಯಲ್ಲಾದರೆ ಶೆಡ್ಯೂಲ್, ನೈಟ್ ಹಾಲ್ಟ್ ಎಂಬ ಲೆಕ್ಕ ಇರುತ್ತದೆ. ಬಾಡಿಗೆ ಟೂರ್ ಗಾಡಿಗಳ ಚಾಲಕರ ಪಾಡು ಎಲ್ಲರೂ ಕಂಡದ್ದೇ. ರಾತ್ರಿ ಊಟ ಮಾಡಿ ಬೆಂಗಳೂರು ಬಿಡುವುದು. ಶಿರಾಡಿ ಘಾಟಿ ಇಳಿದು ಬೆಳಗಾಗುವಷ್ಟರಲ್ಲಿ ಕುಕ್ಕೆ, ಮಧ್ಯಾಹ್ನ ಧರ್ಮಸ್ಥಳ, ಸಂಜೆ ಚಾರ್ಮಾಡಿ ಹತ್ತಿ ಹೊರನಾಡು, ಮತ್ತೆ ರಾತ್ರಿಯೇ ವಾಪಸ್. ನಾವು ದರ್ಶನದ ಕ್ಯೂನಲ್ಲಿ ನಿಂತಷ್ಟು ಹೊತ್ತು ಡ್ರೈವರ್‌ಗೆ ನಿದ್ದೆ. ಅದೂ ಬಿಸಿಲಲ್ಲಿ ಕಾದ ಗಾಡಿಯೊಳಗೆ, ಸೀಟಿನ ಮೇಲೆ ಮೊಣಕಾಲು ಮಡಚಿ. ಆಮೇಲೆ ಅದೇ ಮನುಷ್ಯ ಕತ್ತಲಲ್ಲಿ ಘಾಟಿಯ ತಿರುವು ನೋಡಬೇಕು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಕಣ್ಣುರಿ ಎಂಥದ್ದು ಅಂತ ಓಡಿಸಿದವರಿಗೇ ಗೊತ್ತು.

ಫ್ರಾನ್ಸ್‌ನಲ್ಲಿ 2015ರ ಸೆಪ್ಟೆಂಬರ್‌ನಿಂದ ಅಲ್ಲಿನ ಕೋಚ್‌ಗಳಲ್ಲಿ ಇನ್ನೊಂದು ಯಂತ್ರವೂ ಕಡ್ಡಾಯ. ಚಾಲಕ ಅದಕ್ಕೆ ಊದಬೇಕು. ಮಿತಿ ಮೀರಿದ ಮದ್ಯ ಕಂಡರೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಇಂಥ ಯಂತ್ರಗಳು ನಮ್ಮ ಗಾಡಿಗಳಿಗೂ ಬರಲಿ, ಸರ್ಕಾರ ಮನಸ್ಸು ಮಾಡಲಿ. ಅಲ್ಲಿಯವರೆಗೆ ಸುಮ್ನೆ ಕೂರುವುದು ಬೇಡ. ಟೂರ್ ಬುಕ್ ಮಾಡುವವರು ಊಟ, ಎಸಿ ಬಗ್ಗೆ ಕೇಳಿದ ಹಾಗೆ ಡ್ರೈವರ್ ಎಷ್ಟು ಜನ, ರಾತ್ರಿ ಅವರಿಗೆ ಹಾಸಿಗೆ ಎಲ್ಲಿ ಅಂತಲೂ ಕೇಳಬೇಕು. ಉತ್ತರ ಸರಿಯಾಗಿ ಬರದಿದ್ದರೆ ಅಡ್ವಾನ್ಸ್ ಕೊಡಬಾರದು. ನಿಮ್ಮ ಪತ್ರಿಕೆ ಪ್ರವಾಸದ ಪುಟದಲ್ಲಿ ಈ ಒಂದು ಸಾಲನ್ನು ತಪ್ಪದೇ ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಬಡಾವಣೆಯ ಹಿರಿಯರು ಡಿಸೆಂಬರ್‌ನಲ್ಲಿ ಗೋಕರ್ಣ, ಮುರ್ಡೇಶ್ವರಕ್ಕೆ ಹೊರಟಿದ್ದಾರೆ. ಚಾಲಕರಿಗೆ ಬೇರೆ ರೂಮ್ ಮಾಡಬೇಕು, ಅದರ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂದು ಹೇಳಿ ಒಪ್ಪಿಸಿದ್ದೇನೆ. ಆ ಎರಡು ಊರುಗಳಲ್ಲಿ ಚಾಲಕರಿಗೂ ಒಳ್ಳೆಯ ಹಾಸಿಗೆ, ಸ್ನಾನಕ್ಕೆ ಬಿಸಿನೀರು ಕೊಡುವ ವಸತಿಗೃಹ ಗೊತ್ತಿದ್ದವರು ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

— ನಿವೃತ್ತ ಬಸ್ ಚಾಲಕ, ಹಾಸನ