ಗೇರುಬೀಜದ ಮನೆಯಿಂದ ಮಗಳಿಗೊಂದು ಪತ್ರ

ಉಡುಪಿ,
ಭಾನುವಾರ ರಾತ್ರಿ

ಪ್ರೀತಿಯ ಅಶ್ವಿತಾ,

ಬುಧವಾರ ನೀನು ಫೋನಿನಲ್ಲಿ "ಏನಿಲ್ಲ ಅಮ್ಮ, ಗಂಟಲು ಸ್ವಲ್ಪ ತುರಿಸಿತು, ಮಾತ್ರೆ ನುಂಗಿ ಮಲಗಿಬಿಟ್ಟೆ" ಎಂದಾಗ ನಾನು ಹೆಚ್ಚು ಮಾತನಾಡಲಿಲ್ಲ. ಮಾತನಾಡಿದ್ದರೆ ಬೈಗುಳ ಬರುತ್ತಿತ್ತು, ಇಲ್ಲವೇ ಅಳು. ಎರಡರಿಂದಲೂ ನಿನಗೆ ಪ್ರಯೋಜನವಿಲ್ಲ. ನಾಲ್ಕು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ, ಈಗ ಕುಳಿತು ಬರೆಯುತ್ತಿದ್ದೇನೆ.

ನೀನು ಬೇಯಿಸದ ಆಹಾರ ತಿನ್ನುವುದಕ್ಕೆ ನನ್ನ ವಿರೋಧವಿಲ್ಲ. ಎದೆಯುರಿ ಕಡಿಮೆಯಾಗಿದೆ, ಬೆಳಗ್ಗೆ ಏಳುವಾಗ ಮೈ ಹಗುರವಾಗಿರುತ್ತದೆ ಎನ್ನುತ್ತೀ, ನನಗೆ ಸಂತೋಷವೇ. ಆದರೆ ಗೋಡಂಬಿ ಅಲರ್ಜಿಯಿರುವ ನಿನಗೆ ಬುಧವಾರ ಊಟ ಬಡಿಸಿದ, ಬೇಯಿಸದ ಅಡುಗೆಯ ಆ ಊಟದ ಮನೆಯವರು ಹೇಳಿದರಂತಲ್ಲ, "ಇದು ಹುರಿದ ಗೋಡಂಬಿಯಲ್ಲ, ಹಸಿಯದು, ರಾತ್ರಿಯಿಡೀ ನೆನೆಸಿದ್ದು, ಅಲರ್ಜಿ ಆಗುವುದಿಲ್ಲ" ಎಂದು, ಆ ಮಾತನ್ನು ನೀನು ನಂಬಿದ್ದು ನನಗೆ ನೋವಾಯಿತು. ಗೇರುಬೀಜದ ಕಾರ್ಖಾನೆಯಲ್ಲಿ 22 ವರ್ಷ ದುಡಿದವಳ ಮಗಳು ನೀನು. ಒಂದು ಸಲ ನನ್ನನ್ನು ಕೇಳಬಹುದಿತ್ತು.

ಅಂಗಡಿಯಲ್ಲಿ ಹಸಿ ಗೋಡಂಬಿ ಎಂದು ಮಾರುವುದು ಹಸಿಯೇ ಅಲ್ಲ, ತಿಳಿದುಕೋ. ಚಿಪ್ಪಿನೊಂದಿಗೆ ಬಂದ ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ. ಅದು ತಣಿದ ಮೇಲೆ ಚಿಪ್ಪು ಒಡೆದು ತಿರುಳು ತೆಗೆಯುತ್ತಾರೆ. ಆಮೇಲೆ ತಿರುಳನ್ನು ಬೋರ್ಮ ಎಂಬ ಬಿಸಿಗಾಳಿಯ ಒಣಗೂಡಿನೊಳಗೆ ಇಟ್ಟು, ಸುಮಾರು 70 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಹಾಗೆ ಮಾಡಿದರೆ ಮಾತ್ರ ಆ ಕೆಂಪು ಒಳಸಿಪ್ಪೆ ಸುಲಿಯಲು ಬರುತ್ತದೆ. ಅಷ್ಟೆಲ್ಲ ಆದ ಬಳಿಕವೇ ಅದು ಗ್ರೇಡಿಂಗ್ ಮೇಜಿಗೆ, ನನ್ನ ಕೈಗೆ ಬರುತ್ತಿದ್ದದ್ದು. 180, 240, 320 ಎಂದು ವಿಂಗಡಿಸುತ್ತಿದ್ದೆವು. ಒಂದು ಪೌಂಡಿಗೆ ಹೆಚ್ಚೆಂದರೆ 320 ಇಡೀ ಬೀಜ ತೂಗಿದರೆ ಅದು 320ರ ದರ್ಜೆ. 48 ಡಿಗ್ರಿ ದಾಟಿದ್ದನ್ನು ತಿನ್ನಬಾರದು ಎಂಬುದು ನಿಮ್ಮ ನಿಯಮವಾದರೆ, ಗೋಡಂಬಿ ಆ ನಿಯಮಕ್ಕೇ ಹೊರಗಿನದು.

ನಿನ್ನ ಅಜ್ಜಿಯ ಕೈ ನಿನಗೆ ನೆನಪಿದೆಯಲ್ಲ? ಅವರದು ಚಿಪ್ಪು ಒಡೆಯುವ ಕೆಲಸ. ಅಂಗೈಗೆ ಬೂದಿ ಹಚ್ಚಿಕೊಂಡು ಕುಳಿತರೂ ಗೇರೆಣ್ಣೆ ಬೆರಳ ಸಂದಿಗೆ ಇಳಿದು ಚರ್ಮ ಸುಟ್ಟು ಕಪ್ಪಾಗುತ್ತಿತ್ತು. ರಾತ್ರಿ ಗಂಜಿ ಕಲಸುವಾಗ ಉಪ್ಪು ತಾಗಿ ಅವರು ಹಲ್ಲು ಕಚ್ಚುತ್ತಿದ್ದುದನ್ನು ನಾನು ಚಿಮಿಣಿ ದೀಪದ ಬೆಳಕಿನಲ್ಲಿ ನೋಡಿ ಬೆಳೆದವಳು. ಆದರೆ ಅಜ್ಜಿಯ ಕೈ ಸುಟ್ಟದ್ದು ಚಿಪ್ಪಿನ ಎಣ್ಣೆಯಿಂದ. ನಿನಗೆ ಆಗದಿರುವುದು ತಿರುಳಿನೊಳಗಿನ ಪ್ರೋಟೀನ್. ಆ ಪ್ರೋಟೀನ್ ಹುರಿದರೂ ಸುಲಭವಾಗಿ ಕೆಡುವುದಿಲ್ಲ, ನೆನೆಸಿದರೂ ಹೋಗುವುದಿಲ್ಲ, ರುಬ್ಬಿ ಹುದುಗಿಸಿ ಚೀಸ್ ಎಂದು ಕರೆದರೂ ಅಲ್ಲೇ ಇರುತ್ತದೆ. ಹಸಿ ಕ್ಯಾರೆಟ್, ಸೇಬು ತಿಂದರೆ ಬಾಯಿ ತುರಿಸಿ, ಅದನ್ನೇ ಬೇಯಿಸಿ ತಿಂದರೆ ಏನೂ ಆಗದವರು ಇದ್ದಾರೆ. ಅದು ಹೂವಿನ ಪರಾಗಕ್ಕೆ ಸಂಬಂಧಿಸಿದ ಬೇರೆ ಬಗೆಯ ಅಲರ್ಜಿ, ಅಲ್ಲಿನ ಪ್ರೋಟೀನ್ ಬಿಸಿಗೆ ಮುರಿಯುತ್ತದೆ. ಅಂಥವರಿಗೆ ಬೇಯಿಸಿದ್ದೇ ಕ್ಷೇಮ. ನಿನಗೆ ಗೋಡಂಬಿಯ ಮಟ್ಟಿಗೆ ಬೇಯಿಸಿದ್ದೂ ಇಲ್ಲ, ಬೇಯಿಸದ್ದೂ ಇಲ್ಲ.

ತುರಿಕೆ ಎಂದ ಮಾತ್ರಕ್ಕೆ ಎಲ್ಲವೂ ಅಲರ್ಜಿಯಲ್ಲ, ಅದೂ ನಿಜ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಕೆಸು ನಾಲಿಗೆ ತುರಿಸುವುದು ಎಲೆಯೊಳಗಿನ ಸೂಜಿಯಂಥ ಹರಳುಗಳಿಂದ. ಅದು ಊಟಕ್ಕೆ ಕುಳಿತ ಎಲ್ಲರಿಗೂ ತುರಿಸುತ್ತದೆ. ನಿನಗೆ ಬುಧವಾರ ಆದದ್ದು ಆ ಪಂಕ್ತಿಯಲ್ಲಿ ನಿನಗೊಬ್ಬಳಿಗೇ.

ನಿನಗೆ ನಾಲ್ಕು ವರ್ಷವಾಗಿದ್ದಾಗ ನಡೆದದ್ದು ನಿನಗೆ ನೆನಪಿರಲಾರದು. ಮದುವೆಯ ಊಟ, ಎಲೆಯ ಮೇಲೆ ಪಾಯಸ. ನೀನು ಎರಡೇ ಬೆರಳಲ್ಲಿ ಅದ್ದಿ ನೆಕ್ಕಿದೆ. ನಾನು ಸಾರು ಕಲಸಿ ಮುಗಿಸುವಷ್ಟರಲ್ಲಿ ನಿನ್ನ ತುಟಿ ಊದಿ ಕುತ್ತಿಗೆಯ ಮೇಲೆಲ್ಲ ದದ್ದು ಎದ್ದಿತ್ತು. "ಅಮ್ಮ, ಬಾಯಿ ದೊಡ್ಡದಾಯಿತು" ಎಂದೆ, ಆಮೇಲೆ ನಿನ್ನ ಸ್ವರ ಹೊರಡಲಿಲ್ಲ. ಎಂಜಲು ಕೈಯಲ್ಲೇ ಎತ್ತಿಕೊಂಡು ರಿಕ್ಷಾ ಹತ್ತಿದೆ. ಹತ್ತಿರದ ಕ್ಲಿನಿಕ್ಕಿನ ವೈದ್ಯರು ತೊಡೆಗೆ ಅಡ್ರಿನಲಿನ್ ಎಂಬ ತುರ್ತು ಔಷಧಿ ಚುಚ್ಚಿದ ಮೇಲೆ, ಕೆಲವು ನಿಮಿಷಗಳಲ್ಲಿ, ನೀನು ಅತ್ತೆ. ಅಷ್ಟು ಚೆಂದದ ಅಳುವನ್ನು ನಾನು ಇಂದಿನವರೆಗೂ ಕೇಳಿಲ್ಲ.

ಅಂದಿನಿಂದ ಕಾರ್ಖಾನೆಯಿಂದ ಬಂದವಳು ಮೊದಲು ಬಾವಿಕಟ್ಟೆಗೆ ಹೋಗಿ ಸ್ನಾನ ಮಾಡಿ, ಸೀರೆ ಬದಲಿಸಿ, ಉಗುರಿನ ಸಂದಿ ಉಜ್ಜಿದ ಮೇಲಷ್ಟೇ ನಿನ್ನನ್ನು ಮುಟ್ಟುತ್ತಿದ್ದೆ. ನೀನು ಜಗಲಿಯಲ್ಲಿ ಕೈ ಚಾಚಿ ಅಳುತ್ತಿದ್ದೆ, ನಾನು ಸೀಗೆಪುಡಿ ಹಾಕಿ ತಲೆ ತೊಳೆಯುತ್ತಿದ್ದೆ. ಆ ಬೀಜದ ಸಂಬಳದಿಂದಲೇ ನಿನ್ನ ಫೀಸು ಕಟ್ಟಿದ್ದು, ಆದ್ದರಿಂದ ಅದನ್ನು ದೂರಲಾರೆ.

ಈಗ ನಿನ್ನ ಊಟದ ಮಾತು. ಬೆಂಕಿ ತಾಗದ ಅಡುಗೆಯಲ್ಲಿ ಹಾಲು, ಬೆಣ್ಣೆ, ಕೆನೆ ಎಲ್ಲದಕ್ಕೂ ಗೋಡಂಬಿ ರುಬ್ಬುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದಾರೆ. ನಮ್ಮ ಊರಿಗೆ ಆ ಅಗತ್ಯವೇ ಇಲ್ಲ. ಎಳನೀರಿನ ಬೊಂಡದೊಳಗಿನ ಎಳೆಯ ತಿರುಳನ್ನು ರುಬ್ಬಿ ನೋಡು, ಕೆನೆಗಿಂತ ನಯವಾಗಿರುತ್ತದೆ. ತೆಂಗಿನ ಹಾಲಿಗೆ ಬಾಳೆಹಣ್ಣು ಹೆಚ್ಚಿ ಹಾಕಿದರೆ ರಸಾಯನ. ಬೆಲ್ಲ ಕುದಿಸಿದ್ದು, ಬೇಡ ಎನ್ನುವುದಾದರೆ ಖರ್ಜೂರ ಹಾಕು. ಒಂದೆಲಗವನ್ನು ಹಸಿ ತೆಂಗಿನಕಾಯಿಯೊಂದಿಗೆ ರುಬ್ಬು, ಮಜ್ಜಿಗೆ ತಿನ್ನುವುದನ್ನು ಬಿಟ್ಟಿದ್ದರೆ ಅದರ ಬದಲು ಪುನರ್ಪುಳಿ ನೆನೆಸಿದ ನೀರು ಹಾಕು, ತಂಬುಳಿಯಾಗುತ್ತದೆ. ಹೆಸರುಬೇಳೆಯ ಕೋಸಂಬರಿ ಹೇಗೂ ನಿನ್ನದೇ ಊಟ. ತೆಂಗು ನೀನು ಹುಟ್ಟಿದಾಗಿನಿಂದ ತಿಂದದ್ದು, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಬೇರೆಯವರಿಗೆ ಇದೇ ಮಾತು ಹೇಳಬೇಡ, ಅವರವರ ಪರೀಕ್ಷೆ ಅವರವರಿಗೆ.

ಪಿಸ್ತಾ ಮುಟ್ಟಬೇಡ. ಗೋಡಂಬಿ ಆಗದ ಬಹುಪಾಲು ಜನರಿಗೆ ಪಿಸ್ತಾ ಕೂಡ ಆಗುವುದಿಲ್ಲ, ಎರಡರ ಪ್ರೋಟೀನ್ ಅಷ್ಟು ಹತ್ತಿರದ್ದು. ಮಾವು, ಅಂಬಟೆ ಕೂಡ ಗೇರಿನ ಕುಟುಂಬದ ಮರಗಳೇ, ಆದರೆ ಅವುಗಳ ಹಣ್ಣನ್ನು ನೀನು ಪ್ರತಿ ವರ್ಷ ತಿನ್ನುತ್ತಿದ್ದೀ, ಬಿಡಬೇಕಾಗಿಲ್ಲ. ಸೊನೆ ಮಾತ್ರ ತುಟಿಗೆ ತಾಗದಂತೆ ತೊಟ್ಟು ಕತ್ತರಿಸಿ ತೊಳೆದು ತಿನ್ನು. ಚಾರೋಳಿಯೂ ಅದೇ ಕುಟುಂಬದ್ದು, ವೈದ್ಯರನ್ನು ಕೇಳದೆ ಬಾಯಿಗೆ ಹಾಕಬೇಡ. ಹೊರಗೆ ತಿನ್ನುವಾಗ ಗೋಡಂಬಿ ಇದೆಯೇ ಎಂದು ಮಾತ್ರ ಕೇಳಿದರೆ ಸಾಲದು. ಅದೇ ಮಿಕ್ಸಿ ಜಾರಿನಲ್ಲಿ ಗೋಡಂಬಿ ರುಬ್ಬುತ್ತೀರಾ ಎಂದು ಕೇಳು. ಬ್ಲೇಡಿನ ಕೆಳಗೆ ಅಂಟಿಕೊಂಡದ್ದು ಬರಿಯ ನೀರು ಸುರಿದರೆ ಹೋಗುವುದಿಲ್ಲ. ಕೇಳಲು ಸಂಕೋಚವಾದರೆ ಆ ಹೋಟೆಲಿನಲ್ಲಿ ತಿನ್ನಬೇಡ.

ಇನ್ನೊಂದೆರಡು ಮಾತು. ರಾಜ್ಮಾ ಮೊಳಕೆ ಬರಿಸಿದರೂ ಹಸಿಯಾಗಿ ತಿನ್ನಬಾರದು, ಮರಗೆಣಸನ್ನೂ. ಅದು ಅಲರ್ಜಿಯಲ್ಲ, ವಿಷ. ಹಾಲು, ಮೊಸರು ಇಲ್ಲದ ಬರಿಯ ಸಸ್ಯಗಳ ಊಟದಿಂದ ಬಿ12 ಜೀವಸತ್ವ ಸಾಕಷ್ಟು ಸಿಗುವುದಿಲ್ಲ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆದದ್ದೇ ಅದಕ್ಕಾಗಿ. ಅಲರ್ಜಿ ಮಾತ್ರೆ ತುರಿಕೆಯನ್ನು ಕಡಿಮೆ ಮಾಡುತ್ತದೆ. ಉಸಿರಿನ ದಾರಿ ಮುಚ್ಚಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ನುಂಗಿ ಮಲಗಿದೆ ಎಂದೆಯಲ್ಲ, ನಿದ್ದೆಯಲ್ಲಿ ಗಂಟಲು ಊದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಉಬ್ಬಸ, ಸ್ವರ ಒಡೆಯುವುದು, ನಾಲಿಗೆ ಊದುವುದು, ತಲೆ ಸುತ್ತುವುದು, ಇವುಗಳಲ್ಲಿ ಒಂದು ಕಂಡರೂ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಮಾಂಸಕ್ಕೆ ಚುಚ್ಚಿಕೋ. ಅನುಮಾನವಿದ್ದರೂ ಕಾಯಬೇಡ. ಕೂಡಲೇ 108ಕ್ಕೆ ಕರೆ ಮಾಡಿಸು. ಅಂಗಾತ ಮಲಗಿ ಕಾಲು ಎತ್ತರದಲ್ಲಿಡು, ಉಸಿರಾಟ ಕಷ್ಟವಾದರೆ ಮಾತ್ರ ಕುಳಿತುಕೋ. ಎದ್ದು ನಡೆಯಬೇಡ. ಸುಧಾರಿಸಿತು ಎಂದು ಆಸ್ಪತ್ರೆಗೆ ಹೋಗದೆ ಉಳಿಯಬೇಡ, ಕೆಲವು ಗಂಟೆಗಳ ಬಳಿಕ ಮತ್ತೆ ಕಾಣಿಸಿಕೊಳ್ಳುವುದುಂಟು. ನಿನ್ನ ಕೋಣೆಯ ಗೆಳತಿಗೂ ಇದನ್ನೆಲ್ಲ ಕಲಿಸು, ಔಷಧಿ ಎಲ್ಲಿದೆ ಎಂದು ತೋರಿಸು.

ನಾಳೆ ರಾತ್ರಿಯ ಬಸ್ಸಿನಲ್ಲಿ ನಾಲ್ಕು ಕಾಯಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಬೇರು ಸಮೇತ ಒಂದೆಲಗ ಕಳುಹಿಸುತ್ತೇನೆ. ಒಂದೆಲಗವನ್ನು ಕುಂಡದಲ್ಲಿ ನೆಡು, ಒದ್ದೆ ಇದ್ದರೆ ಹಬ್ಬಿಕೊಳ್ಳುತ್ತದೆ.

ಪತ್ರ ಓದಿದ ಕೂಡಲೇ ನಿನ್ನ ಚೀಲ ತೆರೆದು ಆ ಅಡ್ರಿನಲಿನ್ ಔಷಧಿಯನ್ನು ಬೆಳಕಿಗೆ ಹಿಡಿ. ನೀರಿನಂತೆ ತಿಳಿಯಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಹೊಸದು ತಾ. ಮೇಲೆ ಬರೆದ ತಿಂಗಳು, ವರ್ಷ ಓದಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಅಮ್ಮ