ಗೆಳೆಯನಿಗೊಂದು ಪತ್ರ: ನೀರಿನ ಟ್ಯಾಂಕಿನಲ್ಲಿ ಹುಟ್ಟಿದ ಲೈಬ್ರರಿ

ಪ್ರೀತಿಯ ಗೆಳೆಯಾ,

"ಪುಸ್ತಕ ಉಳಿದರೆ ಸಾಕು, ಲೈಬ್ರರಿ ಕಟ್ಟಡ ಸೋರುತ್ತಿದ್ದರೆ ಕೆಡವಿ ಹೊಸದು ಕಟ್ಟಲಿ" ಅಂತ ಬರೆದಿದ್ದೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಸುಮ್ನೆ ವಾದ ಮಾಡುವ ಬದಲು ಶಿಕಾಗೊದ ಲೈಬ್ರರಿಯ ಕತೆ ಹೇಳುತ್ತೇನೆ, ಕೇಳು.

1871ರ ಅಕ್ಟೋಬರ್‌ನಲ್ಲಿ ಆ ಊರಿಗೆ ದೊಡ್ಡ ಬೆಂಕಿ ಬಿತ್ತು. ಸುದ್ದಿ ತಿಳಿದ ಇಂಗ್ಲೆಂಡಿನ ಜನ ಪುಸ್ತಕ ಕೂಡಿಸಿ ಕಳಿಸಿದರು. 8,000ಕ್ಕೂ ಜಾಸ್ತಿ! ರಾಣಿ ವಿಕ್ಟೋರಿಯಾ ಕೂಡ ಕೊಟ್ಟಿದ್ದಳು. ಪುಸ್ತಕವೇನೋ ಬಂತು, ಇಡುವುದೆಲ್ಲಿ? ಹಳೇ ಕಬ್ಬಿಣದ ನೀರಿನ ಟ್ಯಾಂಕೊಂದು ಬೆಂಕಿಗೆ ಸಿಗದೆ ಉಳಿದಿತ್ತು. ಅದರೊಳಗೇ ಸುತ್ತಲೂ ಶೆಲ್ಫ್ ಜೋಡಿಸಿ, 1873ರ ಜನವರಿ 1ರಂದು ಬಾಗಿಲು ತೆರೆದರು. ಈ ಟ್ಯಾಂಕನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಮನೆ ಸುಟ್ಟುಹೋದ ಊರು ಅದು. ಆದರೂ ಓದಲು ಒಂದು ಜಾಗ ಬೇಕು ಅಂದಿತು.

ಆಮೇಲೆ ಬಾಡಿಗೆ ಮನೆಯ ಸಂಸಾರದ ಹಾಗೆ ಪುಸ್ತಕಗಳು ಅಲ್ಲಿಂದಿಲ್ಲಿಗೆ ಅಲೆದವು. ಸ್ವಂತ ಸೂರು ಸಿಕ್ಕಿದ್ದು 1897ರಲ್ಲಿ. ಬೆಂಕಿ ಕಂಡ ಜನ ಅಲ್ವಾ, ಗೋಡೆಗಳನ್ನು ಮೂರು ಅಡಿ ದಪ್ಪ ಕಟ್ಟಿಸಿದರು. ಮೆಟ್ಟಿಲಿಗೆ ಇಟಲಿಯ ಬಿಳಿ ಅಮೃತಶಿಲೆ. ಅದರ ಅಂಚಿನ ಕಟ್ಟೆಯಲ್ಲಿ ಬಣ್ಣದ ಗಾಜು, ಮುತ್ತಿನ ಚಿಪ್ಪಿನ ಸಣ್ಣ ಸಣ್ಣ ಚೂರುಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. ಮೇಲಿನ ಹಾಲ್‌ನಲ್ಲಿ ತಲೆ ಎತ್ತಿದರೆ 38 ಅಡಿ ಅಗಲದ ಗಾಜಿನ ಗುಮ್ಮಟ. ಸುಮಾರು 30,000 ಗಾಜಿನ ತುಂಡುಗಳು, ಮೀನಿನ ಚಿಪ್ಪಿನ ಹಾಗೆ ಒಂದರ ಪಕ್ಕ ಒಂದು. ನಡುನೆತ್ತಿಯಲ್ಲಿ ರಾಶಿಚಿಹ್ನೆಗಳು. ಆ ಹಾಲ್ ಯಾವುದಕ್ಕಿತ್ತು ಗೊತ್ತಾ? ಓದುಗರಿಗೆ ಪುಸ್ತಕ ಕೊಡುವುದಕ್ಕೆ! ಅರಮನೆಗೆ ಒಪ್ಪುವ ಗುಮ್ಮಟವನ್ನು ಪುಸ್ತಕಕ್ಕೆ ಕಾದು ನಿಂತವರ ತಲೆಯ ಮೇಲೆ ಕಟ್ಟಿದ್ದರು. ನೀನು ಕೆಡವಲಿ ಅಂದದ್ದು ಇಂಥದ್ದನ್ನು.

ಅದನ್ನೂ ಕೆಡವುವ ಮಾತು ಬಂದಿತ್ತು. ಆಗಿನ ಮೇಯರ್ ರಿಚರ್ಡ್ ಡೇಲಿಯ ಹೆಂಡತಿ ಎಲೀನರ್ ಡೇಲಿ, ಹಳೇ ಕಟ್ಟಡ ಉಳಿಯಬೇಕು ಅಂತ ಬಾಯಿಬಿಟ್ಟು ಹೇಳಿದರು. 1976ರಲ್ಲಿ ನಗರವೇ ಅದನ್ನು ಪಾರಂಪರಿಕ ಕಟ್ಟಡ ಅಂತ ಘೋಷಿಸಿತು. 1991ರಲ್ಲಿ ಮುಖ್ಯ ಲೈಬ್ರರಿಗೆ ಬೇರೆ ಹೊಸ ಕಟ್ಟಡ ಬಂತು. ಹಳೇದು ಈಗ ಸಾಂಸ್ಕೃತಿಕ ಕೇಂದ್ರ. ಸಂಗೀತ, ಚಿತ್ರಪ್ರದರ್ಶನ ನಡೆಯುತ್ತವೆ. ಒಳಗೆ ಹೋಗಲು ಇವತ್ತಿಗೂ ದುಡ್ಡು ಕೊಡಬೇಕಿಲ್ಲ.

ಇನ್ನು ಸೋರುವ ಮಾತು. ಆಂಡ್ರ್ಯೂ ಕಾರ್ನೆಗಿ 2,500ಕ್ಕೂ ಹೆಚ್ಚು ಲೈಬ್ರರಿಗಳಿಗೆ ಹಣ ಕೊಟ್ಟ ಮನುಷ್ಯ. ಸಾಮಾನ್ಯವಾಗಿ ಅವನದೊಂದು ಷರತ್ತು ಇರುತ್ತಿತ್ತು: ಜಾಗ ಊರಿನವರದು, ಕೊಟ್ಟ ಹಣದ ಹತ್ತನೇ ಒಂದು ಭಾಗವನ್ನು ವರ್ಷಾ ವರ್ಷ ಊರೇ ಲೈಬ್ರರಿ ನಡೆಸಲು ಖರ್ಚು ಮಾಡಬೇಕು. ಕಟ್ಟಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಸೂರು ಸೋರಿದರೆ ರಿಪೇರಿ ಮಾಡಿಸದವರನ್ನು ಕೇಳು, ಕಟ್ಟಡವನ್ನು ಬೈಯಬೇಡ.

ಶಿಕಾಗೊದ ಆ ಗುಮ್ಮಟವನ್ನೂ 1930ರ ದಶಕದಲ್ಲಿ ಹೊರಗಿನಿಂದ ಮುಚ್ಚಿಬಿಟ್ಟಿದ್ದರು. ಎಷ್ಟೋ ವರ್ಷ ಗಾಜಿಗೆ ಬರೀ ದೀಪದ ಬೆಳಕು. 2008ರಲ್ಲಿ ಗಾಜನ್ನೆಲ್ಲ ತೊಳೆದು, ರಿಪೇರಿ ಮಾಡಿ, ಮುಚ್ಚಿದ್ದನ್ನು ತೆಗೆದರು. ಮತ್ತೆ ಬಿಸಿಲು ಒಳಗೆ ಬಂತು. ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಹುಡುಕಿ ಪಕ್ಕಪಕ್ಕ ಇಟ್ಟು ನೋಡು. ನೋಡಿದ ಮೇಲೆ ಉತ್ತರ ಬರೆ, ಕಾಯುತ್ತಿರುತ್ತೇನೆ.

ಇಂತಿ ನಿನ್ನ,
ಗೆಳೆಯ